ಓಣಿಯಲ್ಲಿ ಕರಗುವ ಸಂಕೇತ: ರೇಡಿಯೊ ತರಂಗದ ಪಥನಷ್ಟವನ್ನು ಅಳೆಯುವುದು ಹೇಗೆ?

ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಹಂಗಾಮು ಎಂದರೆ ಲಕ್ಷಗಟ್ಟಲೆ ಚೀಲಗಳ ವಹಿವಾಟು. ಟೆಂಡರಿಗೆ ದರ ನಮೂದಿಸುವುದು, ಲಾರಿಯವರನ್ನು ಕರೆಯುವುದು, ಹಣ ಜಮೆಯಾದ ಸಂದೇಶ ಪಡೆಯುವುದು, ಇವೆಲ್ಲ ಇಂದು ರೇಡಿಯೊ ತರಂಗಗಳನ್ನು ನೆಚ್ಚಿಕೊಂಡಿವೆ. ಅಂಗಡಿಯ ಕಟ್ಟೆಯ ಮೇಲೆ ನಿಂತವರಿಗೆ ಚೆನ್ನಾಗಿ ಸಿಗುವ ಮೊಬೈಲ್ ಸಂಕೇತ, ತಗಡಿನ ಗೋದಾಮಿನ ಒಳಗೆ ಕಾಲಿಟ್ಟೊಡನೆ ಇಲ್ಲವಾಗುತ್ತದೆ. ಅದೇ ತಾಲ್ಲೂಕಿನ ಕಾಗಿನೆಲೆಯ ಬಯಲಿನಲ್ಲಿ ಗೋಪುರ ಎಷ್ಟೋ ದೂರವಿದ್ದರೂ ಮಾತು ಸ್ಪಷ್ಟವಾಗಿ ಕೇಳಬಹುದು. ಗೋಪುರ ಹತ್ತಿರವಿದ್ದಲ್ಲಿ ಸಂಕೇತವಿಲ್ಲ, ದೂರವಿದ್ದಲ್ಲಿ ಇದೆ! ಇದಕ್ಕೆ ಕಾರಣವೇನು?

ಇದು ಬರೀ ಕುತೂಹಲದ ಪ್ರಶ್ನೆಯಲ್ಲ. 2008ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಆರಂಭವಾದ 108 ಆಂಬುಲೆನ್ಸ್ ಸೇವೆಗೆ ಕರೆ ಹೋಗಬೇಕಾದರೆ ಸಂಕೇತ ಬೇಕು. 2020ರಲ್ಲಿ ಕೋವಿಡ್‌ನಿಂದಾಗಿ ಶಾಲೆಗಳು ಮುಚ್ಚಿದ್ದಾಗ ಮಕ್ಕಳು ಪಾಠಕ್ಕಾಗಿ ಗುಡ್ಡ ಹತ್ತಿ ಕುಳಿತದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಒಂದು ಊರಿಗೆ ಎಷ್ಟು ಗೋಪುರ ಬೇಕು, ಎಲ್ಲಿ ಬೇಕು ಎಂಬುದನ್ನು ನಿರ್ಧರಿಸುವ ಲೆಕ್ಕ ಒಂದೇ ಒಂದು ರಾಶಿಯ ಸುತ್ತ ತಿರುಗುತ್ತದೆ. ಅದೇ ಪಥನಷ್ಟ, ಎಂದರೆ ಪ್ರಸಾರಕದಿಂದ ಗ್ರಾಹಕದವರೆಗಿನ ದಾರಿಯಲ್ಲಿ ಸಂಕೇತ ಕಳೆದುಕೊಳ್ಳುವ ಶಕ್ತಿ.

ಡೆಸಿಬೆಲ್ ಎಂಬ ಅಳತೆಗೋಲು

ಗೋಪುರದ ಪ್ರಸಾರಕ ಸುಮಾರು 20 ವ್ಯಾಟ್ ಶಕ್ತಿಯನ್ನು ಹೊರಸೂಸುತ್ತದೆ ಎನ್ನೋಣ. ನಿಮ್ಮ ಫೋನಿಗೆ ತಲುಪುವುದು ವ್ಯಾಟ್‌ನ ನೂರುಕೋಟಿಯಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ ಇರಬಹುದು. ಇಷ್ಟು ಅಂತರವಿರುವ ಸಂಖ್ಯೆಗಳನ್ನು ಬರೆಯುತ್ತ ಕೂಡುವುದು ಕಷ್ಟ. ಆದ್ದರಿಂದ ಲಘುಗಣಕವನ್ನು ಬಳಸುತ್ತಾರೆ. ಎರಡು ಶಕ್ತಿಗಳ ಅನುಪಾತದ ಲಘುಗಣಕವನ್ನು 10ರಿಂದ ಗುಣಿಸಿದರೆ ಡೆಸಿಬೆಲ್ (ಡಿಬಿ) ದೊರೆಯುತ್ತದೆ. 10 ಡಿಬಿ ಎಂದರೆ ಹತ್ತು ಪಟ್ಟು, 20 ಡಿಬಿ ಎಂದರೆ ನೂರು ಪಟ್ಟು, 30 ಡಿಬಿ ಎಂದರೆ ಸಾವಿರ ಪಟ್ಟು. 3 ಡಿಬಿ ಎಂದರೆ ಹೆಚ್ಚುಕಡಿಮೆ ಎರಡು ಪಟ್ಟು. ಒಂದು ಮಿಲಿವ್ಯಾಟ್‌ಗೆ ಹೋಲಿಸಿ ಹೇಳುವ ಶಕ್ತಿಗೆ ಡಿಬಿಎಂ ಎಂಬ ಹೆಸರಿದೆ. 20 ವ್ಯಾಟ್ ಎಂದರೆ 43 ಡಿಬಿಎಂ.

ಇದರ ಅನುಕೂಲ ನೋಡಿ. ಗುಣಾಕಾರ ಕೂಡುವ ಲೆಕ್ಕವಾಗುತ್ತದೆ. ಪ್ರಸಾರಕದ ಶಕ್ತಿಗೆ ಆಂಟೆನದ ಗಳಿಕೆಯನ್ನು ಕೂಡಿ, ಪಥನಷ್ಟವನ್ನು ಕಳೆದರೆ ಫೋನಿಗೆ ಸಿಗುವ ಶಕ್ತಿ ಗೊತ್ತಾಗುತ್ತದೆ. ಮನೆಯ ಜಮಾ-ಖರ್ಚಿನ ಲೆಕ್ಕದಂತೆಯೇ ಇದು.

ಬಯಲಿನಲ್ಲಿ ಏನಾಗುತ್ತದೆ?

ಸುತ್ತಲೂ ಏನೂ ಇಲ್ಲದ ಅವಕಾಶದಲ್ಲಿ ತರಂಗ ಗೋಳಾಕಾರವಾಗಿ ಹರಡುತ್ತದೆ. ದೂರ ಇಮ್ಮಡಿಯಾದರೆ ಗೋಳದ ಮೇಲ್ಮೈ ನಾಲ್ಕು ಪಟ್ಟಾಗುವುದರಿಂದ ಪ್ರತಿ ಚದರ ಮೀಟರಿಗೆ ಸಿಗುವ ಶಕ್ತಿ ನಾಲ್ಕನೆಯ ಒಂದು ಭಾಗಕ್ಕಿಳಿಯುತ್ತದೆ. ಬೆಳಕಿನ ಪಾಠದಲ್ಲಿ ನೀವು ಕಲಿತ ವಿಲೋಮ ವರ್ಗ ನಿಯಮವೇ ಇದು. ಡಿಬಿಯಲ್ಲಿ ಹೇಳಬೇಕಾದರೆ ದೂರ ಇಮ್ಮಡಿಯಾದಾಗಲೆಲ್ಲ 6 ಡಿಬಿ, ಹತ್ತು ಪಟ್ಟಾದಾಗ 20 ಡಿಬಿ ನಷ್ಟ. ಸೂತ್ರ ಹೀಗಿದೆ:

ಪಥನಷ್ಟ = 32.4 + 20 ಲಾಗ್ (ಕಿಲೋಮೀಟರ್‌ನಲ್ಲಿ ದೂರ) + 20 ಲಾಗ್ (ಮೆಗಾಹರ್ಟ್ಸ್‌ನಲ್ಲಿ ಆವೃತ್ತಿ)

900 ಮೆಗಾಹರ್ಟ್ಸ್ ತರಂಗಕ್ಕೆ 1 ಕಿ.ಮೀ. ದೂರದಲ್ಲಿ ಇದು ಸುಮಾರು 91.5 ಡಿಬಿ ಆಗುತ್ತದೆ. ಸೂತ್ರದಲ್ಲಿ ಆವೃತ್ತಿ ಏಕೆ ಬಂತು ಎಂದು ವಿದ್ಯಾರ್ಥಿಗಳು ಕೇಳಬಹುದು. ಖಾಲಿ ಅವಕಾಶ ಹೆಚ್ಚು ಆವೃತ್ತಿಯ ತರಂಗವನ್ನು ಹೆಚ್ಚಾಗಿ ನುಂಗುವುದಿಲ್ಲ. ಆವೃತ್ತಿ ಹೆಚ್ಚಿದಂತೆ ತರಂಗದೂರ ಕಡಿಮೆಯಾಗುತ್ತದೆ, ಅದಕ್ಕೆ ತಕ್ಕಂತೆ ಅದೇ ಬಗೆಯ ಆಂಟೆನವೂ ಚಿಕ್ಕದಾಗುತ್ತದೆ. ಚಿಕ್ಕ ಬೊಗಸೆಗೆ ಕಡಿಮೆ ನೀರು ಸಿಗುವಂತೆ ಚಿಕ್ಕ ಆಂಟೆನಕ್ಕೆ ಕಡಿಮೆ ಶಕ್ತಿ ಸಿಗುತ್ತದೆ.

ಆದರೆ ನಮ್ಮ ಬಯಲು ಖಾಲಿ ಅವಕಾಶವಲ್ಲ, ಅಡಿಯಲ್ಲಿ ನೆಲವಿದೆ. ಗೋಪುರದಿಂದ ನೇರವಾಗಿ ಬರುವ ತರಂಗದ ಜೊತೆಗೆ ನೆಲಕ್ಕೆ ಬಡಿದು ಪ್ರತಿಫಲಿಸಿದ ತರಂಗವೂ ಫೋನನ್ನು ಸೇರುತ್ತದೆ. ದೂರ ಹೆಚ್ಚಿದಂತೆ ಎರಡರ ಪಥಗಳ ಉದ್ದ ಬಹುಮಟ್ಟಿಗೆ ಒಂದೇ ಆಗುತ್ತದೆ. ಪ್ರತಿಫಲನದಲ್ಲಿ ತರಂಗ ತಲೆಕೆಳಗಾಗುವುದರಿಂದ ಒಂದು ಇನ್ನೊಂದನ್ನು ಅಳಿಸತೊಡಗುತ್ತದೆ. 30 ಮೀಟರ್ ಎತ್ತರದ ಗೋಪುರ, ನೆಲದಿಂದ ಒಂದೂವರೆ ಮೀಟರ್ ಎತ್ತರದ ಫೋನು, 900 ಮೆಗಾಹರ್ಟ್ಸ್ ಎಂದಿಟ್ಟುಕೊಂಡರೆ, ಸುಮಾರು 540 ಮೀಟರ್ ದಾಟಿದ ಮೇಲೆ ಶಕ್ತಿ ಕ್ರಮೇಣ ದೂರದ ನಾಲ್ಕನೆಯ ಘಾತದಂತೆ ಕುಗ್ಗತೊಡಗುತ್ತದೆ. ಆಗ ದೂರ ಇಮ್ಮಡಿಯಾದರೆ ನಷ್ಟ 6 ಅಲ್ಲ, 12 ಡಿಬಿ. ಗೋಪುರ ಎತ್ತರವಾದಷ್ಟೂ ಈ ತಿರುವು ದೂರ ಸರಿಯುತ್ತದೆ. ಎತ್ತರದ ಗೋಪುರ ಕಟ್ಟುವುದಕ್ಕೆ ಇದೂ ಒಂದು ಕಾರಣ.

ಪೇಟೆಯೊಳಗೆ ಏನಾಗುತ್ತದೆ?

ಪೇಟೆಯಲ್ಲಿ ಫೋನಿಗೆ ಗೋಪುರ ಕಾಣುವುದೇ ಅಪರೂಪ. ಹಾಗಿದ್ದೂ ಸಂಕೇತ ಬರುವುದು ಮೂರು ದಾರಿಗಳಿಂದ. ಒಂದು, ಗೋಡೆಗಳಿಗೆ ಬಡಿದು ಪ್ರತಿಫಲನವಾಗಿ. ಎರಡು, ಛಾವಣಿಯ ಅಂಚಿನಲ್ಲಿ ಬಾಗಿ, ಎಂದರೆ ವಿವರ್ತನೆಯಿಂದ. ಮೂರು, ತಂತಿ, ಕಂಬ, ಮರದ ಎಲೆ, ನಿಂತ ವಾಹನಗಳಿಂದ ಚದರಿ. ಗೋಪುರದ ಸಂಕೇತ ಸಾಲು ಮನೆಗಳ ಛಾವಣಿಗಳ ಮೇಲೆ ಹಾರಿ ಬಂದು ಕೊನೆಯ ಛಾವಣಿಯ ಅಂಚಿನಿಂದ ಓಣಿಗೆ ಇಳಿಯುತ್ತದೆ. ಓಣಿ ಕಿರಿದಾಗಿ, ಮನೆ ಎತ್ತರವಾಗಿದ್ದಷ್ಟೂ ತರಂಗ ಹೆಚ್ಚು ಬಾಗಬೇಕು, ಹೆಚ್ಚು ನಷ್ಟ ಅನುಭವಿಸಬೇಕು.

ಮನೆಯೊಳಗೆ ಬಂದರೆ ಗೋಡೆಯ ಲೆಕ್ಕ ಬೇರೆ. ದಪ್ಪ ಮಣ್ಣಿನ ಗೋಡೆಯ ಮಾಳಿಗೆ ಮನೆ, ಹಂಚಿನ ಮನೆ, ಕಾಂಕ್ರೀಟ್ ಮನೆ, ಇವು ಬೇರೆ ಬೇರೆ ಪ್ರಮಾಣದಲ್ಲಿ ತರಂಗವನ್ನು ತಡೆಯುತ್ತವೆ. ಗೋಡೆಯಲ್ಲಿ ತೇವವಿದ್ದರೆ ನಷ್ಟ ಇನ್ನೂ ಹೆಚ್ಚು. ಲೋಹದ ತಗಡು ಮಾತ್ರ ತರಂಗವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಕಳಿಸುತ್ತದೆ. ತಗಡಿನ ಗೋದಾಮಿನಲ್ಲಿ, ಲೋಹದ ಹೊದಿಕೆಯ ಶೀತಲಗೃಹದಲ್ಲಿ ಫೋನು ಮೂಕವಾಗುವುದು ಇದರಿಂದಲೇ. ಬಾಗಿಲ ಬಳಿ ಬಂದರೆ ಮತ್ತೆ ಮಾತನಾಡುತ್ತದೆ.

ಇನ್ನೊಂದು ವಿಚಿತ್ರವೂ ಇದೆ. ಹಲವು ದಾರಿಗಳಿಂದ ಬಂದ ತರಂಗಗಳು ಒಂದೆಡೆ ಸೇರಿದಾಗ ವ್ಯತಿಕರಣ ನಡೆಯುತ್ತದೆ. ಉಬ್ಬಿಗೆ ಉಬ್ಬು ಸೇರಿದ ಜಾಗದಲ್ಲಿ ಸಂಕೇತ ಬಲವಾಗಿ, ಉಬ್ಬಿಗೆ ತಗ್ಗು ಸೇರಿದ ಜಾಗದಲ್ಲಿ ಕ್ಷೀಣವಾಗಿ ಇರುತ್ತದೆ. 900 ಮೆಗಾಹರ್ಟ್ಸ್‌ನ ತರಂಗದೂರ ಸುಮಾರು 33 ಸೆಂ.ಮೀ. ಅದರ ಅರ್ಧ 17 ಸೆಂ.ಮೀ., ಎಂದರೆ ಒಂದು ಗೇಣಿಗಿಂತ ಕಡಿಮೆ. ಫೋನನ್ನು ಒಂದು ಗೇಣು ಸರಿಸಿದರೆ ಸಂಕೇತ ನೂರು ಪಟ್ಟು ಬದಲಾಗುವುದೂ ಉಂಟು. ಕಿಟಕಿಯ ಬಳಿ ಫೋನನ್ನು ಅತ್ತಿತ್ತ ಆಡಿಸಿ ನೋಡುವ ನಮ್ಮ ಅಭ್ಯಾಸಕ್ಕೆ ಭೌತವಿಜ್ಞಾನದ ಆಧಾರವಿದೆ!

ಟೋಕಿಯೊದಿಂದ ಬಂದ ಸೂತ್ರ

ಪೇಟೆಯ ಪ್ರತಿ ಗೋಡೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸಮೀಕರಣ ಬಿಡಿಸುವುದು ಪ್ರಾಯೋಗಿಕವಲ್ಲ. ಜಪಾನಿನ ಎಂಜಿನಿಯರ್ ಯೋಶಿಹಿಸಾ ಒಕುಮುರ ಮತ್ತು ಸಂಗಡಿಗರು ಬೇರೆ ದಾರಿ ಹಿಡಿದರು. ಟೋಕಿಯೊ ಮತ್ತು ಸುತ್ತಲಿನ ಪ್ರದೇಶಗಳಲ್ಲಿ ಗ್ರಾಹಕವನ್ನು ವಾಹನದಲ್ಲಿಟ್ಟು ಸಂಚರಿಸಿ, ಬೇರೆ ಬೇರೆ ಆವೃತ್ತಿ, ದೂರ ಮತ್ತು ಆಂಟೆನದ ಎತ್ತರಗಳಲ್ಲಿ ಸಂಕೇತದ ಬಲವನ್ನು ಅಳೆದರು. 1968ರಲ್ಲಿ ಈ ಅಳತೆಗಳನ್ನು ನಕ್ಷೆಗಳ ರೂಪದಲ್ಲಿ ಪ್ರಕಟಿಸಿದರು. 1980ರಲ್ಲಿ ಮಸಾಹರು ಹಾತಾ ಆ ನಕ್ಷೆಗಳ ವಕ್ರರೇಖೆಗಳಿಗೆ ಹೊಂದುವ ಸರಳ ಸೂತ್ರಗಳನ್ನು ಕೊಟ್ಟರು. ಒಕುಮುರ–ಹಾತಾ ಮಾದರಿ ಎಂದೇ ಇದು ಪ್ರಸಿದ್ಧವಾಗಿದೆ. ಮೊಬೈಲ್ ದೂರವಾಣಿಗೆ ತಳಹದಿ ಹಾಕಿದವರಲ್ಲಿ ಒಬ್ಬರೆಂದು 2013ರಲ್ಲಿ ಒಕುಮುರ ಅವರಿಗೆ ಇತರರೊಂದಿಗೆ ಅಮೆರಿಕದ ಡ್ರೇಪರ್ ಪ್ರಶಸ್ತಿ ಸಂದಿತು.

900 ಮೆಗಾಹರ್ಟ್ಸ್, 30 ಮೀಟರ್ ಗೋಪುರ, ಒಂದೂವರೆ ಮೀಟರ್ ಎತ್ತರದ ಫೋನು ಎಂದು ಬೆಲೆಗಳನ್ನು ಹಾಕಿದರೆ, ಸಣ್ಣ ಅಥವಾ ಮಧ್ಯಮ ಪಟ್ಟಣಕ್ಕೆ ಹಾತಾ ಸೂತ್ರ ಹೀಗಾಗುತ್ತದೆ:

ಪಥನಷ್ಟ = 126.4 + 35.2 ಲಾಗ್ (ಕಿಲೋಮೀಟರ್‌ನಲ್ಲಿ ದೂರ)

1 ಕಿ.ಮೀ. ದೂರದಲ್ಲಿ ಲಾಗ್ ಸೊನ್ನೆಯಾದ್ದರಿಂದ ನಷ್ಟ 126.4 ಡಿಬಿ. ಖಾಲಿ ಅವಕಾಶದ 91.5ಕ್ಕೆ ಹೋಲಿಸಿದರೆ 35 ಡಿಬಿ ಹೆಚ್ಚು. ಎಂದರೆ ಪೇಟೆಯ ಗೋಡೆ-ಛಾವಣಿಗಳು ಸಂಕೇತವನ್ನು ಮೂರು ಸಾವಿರ ಪಟ್ಟು ಕುಗ್ಗಿಸಿವೆ. ಅದೇ ದೂರಕ್ಕೆ ಊರಂಚಿನ ವಿರಳ ಬಡಾವಣೆಯಲ್ಲಿ 116.5 ಡಿಬಿ, ತೆರೆದ ಬಯಲಿನಲ್ಲಿ 97.9 ಡಿಬಿ ಎಂದು ಇದೇ ಮಾದರಿ ಹೇಳುತ್ತದೆ. ಬ್ಯಾಡಗಿಯ ಪೇಟೆಗೂ ಕಾಗಿನೆಲೆಯ ಬಯಲಿಗೂ ಇರುವ ವ್ಯತ್ಯಾಸ ಈಗ ಅಂಕಿಗಳಲ್ಲಿ ಕಾಣುತ್ತದೆ. ಪಟ್ಟಣದಲ್ಲಿ 1 ಕಿ.ಮೀ. ಸಾಗಿದ ಸಂಕೇತ ಅನುಭವಿಸುವ ನಷ್ಟವನ್ನು ಬಯಲಿನಲ್ಲಿ ಅನುಭವಿಸಲು ಅದು ಸುಮಾರು 6 ಕಿ.ಮೀ. ಸಾಗಬೇಕು.

ಒಂದು ಪದದ ಬೆಲೆ

ಇಲ್ಲಿಯೇ ಎಚ್ಚರ ಬೇಕಾದ ಮಾತಿದೆ. ಬ್ಯಾಡಗಿ ಅಥವಾ ರಾಣೆಬೆನ್ನೂರನ್ನು ಈ ಮಾದರಿಯಲ್ಲಿ ಯಾವ ವರ್ಗಕ್ಕೆ ಸೇರಿಸಬೇಕು? 'ಪಟ್ಟಣ'ಕ್ಕೋ, 'ವಿರಳ ಬಡಾವಣೆ'ಗೋ? ಒಂದೆಡೆ ಒತ್ತೊತ್ತಾದ ಓಣಿಗಳಿವೆ, ಆದರೆ ಮನೆಗಳು ತಗ್ಗಾಗಿವೆ. ಇನ್ನೊಂದೆಡೆ ಅಗಲವಾದ ರಸ್ತೆಯ ಇಕ್ಕೆಲದಲ್ಲಿ ದೊಡ್ಡ ಗೋದಾಮುಗಳಿವೆ. ಟೋಕಿಯೊದ ವರ್ಗೀಕರಣದಲ್ಲಿ ನಮ್ಮ ಊರಿಗೆ ಸರಿಯಾದ ಖಾನೆ ಇಲ್ಲ. ಎರಡು ವರ್ಗಗಳ ನಡುವಿನ ಅಂತರ 10 ಡಿಬಿ. ಪ್ರತಿ ಹತ್ತು ಪಟ್ಟು ದೂರಕ್ಕೆ 35 ಡಿಬಿ ನಷ್ಟವೆಂದಾಗ, 10 ಡಿಬಿ ವ್ಯತ್ಯಾಸವೆಂದರೆ ದೂರದಲ್ಲಿ ಸುಮಾರು 1.9 ಪಟ್ಟು. ಎಂದರೆ ಒಂದು ಗೋಪುರ ಸೇವೆ ಕೊಡುವ ವೃತ್ತದ ತ್ರಿಜ್ಯ ಹೆಚ್ಚುಕಡಿಮೆ ಅರ್ಧವಾಗುತ್ತದೆ, ವಿಸ್ತೀರ್ಣ ನಾಲ್ಕನೆಯ ಒಂದು ಭಾಗವಾಗುತ್ತದೆ. ಕಾಗದದ ಮೇಲೆ ಒಂದು ಪದವನ್ನು ತಪ್ಪಾಗಿ ಆರಿಸಿಕೊಂಡರೆ, ನಾಲ್ಕು ಗೋಪುರ ಬೇಕಾದ ಊರಿಗೆ ಒಂದು ಸಾಕೆಂಬ ಉತ್ತರ ಬರುತ್ತದೆ.

ಮಾದರಿಯ ಎಲ್ಲೆಗಳೂ ನೆನಪಿರಬೇಕು. ಹಾತಾ ಸೂತ್ರ 150ರಿಂದ 1500 ಮೆಗಾಹರ್ಟ್ಸ್‌ವರೆಗೆ, 1ರಿಂದ 20 ಕಿ.ಮೀ. ದೂರಕ್ಕೆ, 30ರಿಂದ 200 ಮೀಟರ್ ಎತ್ತರದ ಆಂಟೆನಕ್ಕೆ ಮಾತ್ರ. ನಮ್ಮ ಪಟ್ಟಣಗಳಲ್ಲಿ ಗೋಪುರಗಳು ಎಷ್ಟೋ ಕಡೆ ಅರ್ಧ ಕಿಲೋಮೀಟರ್ ಅಂತರದಲ್ಲಿರುತ್ತವೆ. 1800 ಮೆಗಾಹರ್ಟ್ಸ್‌ನ ಸೇವೆಗೆ ಯುರೋಪಿನಲ್ಲಿ ರೂಪುಗೊಂಡ 'ಕಾಸ್ಟ್ 231' ಎಂಬ ವಿಸ್ತರಣೆ 2000 ಮೆಗಾಹರ್ಟ್ಸ್‌ವರೆಗೆ ಒಯ್ಯುತ್ತದೆ. ವಾಲ್ಫಿಶ್–ಇಕೆಗಾಮಿ ಎಂಬ ಇನ್ನೊಂದು ಮಾದರಿ ಮನೆಗಳ ಎತ್ತರ, ಓಣಿಯ ಅಗಲ, ಮನೆಸಾಲುಗಳ ಅಂತರ, ಓಣಿ ಗೋಪುರದ ಕಡೆಗೆ ಎಷ್ಟು ಓರೆಯಾಗಿದೆ ಎಂಬುದನ್ನೆಲ್ಲ ಕೇಳುತ್ತದೆ. ಅಳತೆಪಟ್ಟಿ ಹಿಡಿದ ವಿದ್ಯಾರ್ಥಿಗಳೂ ಈ ಮಾಹಿತಿಯನ್ನು ಸಂಗ್ರಹಿಸಬಲ್ಲರು.

ನಮ್ಮ ದೇಶದಲ್ಲಿಯೂ ಇಂಥ ಅಳತೆಗಳು ನಡೆದಿವೆ. ದಕ್ಷಿಣ ಭಾರತದಲ್ಲಿ ಮಾಡಿದ ಪಥನಷ್ಟದ ಅಧ್ಯಯನವೊಂದು ಪ್ರಕಟವಾಗಿದೆ. ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು ನಗರಗಳಲ್ಲಿ ಮತ್ತು ಹೆದ್ದಾರಿಗಳಲ್ಲಿ ವಾಹನದಲ್ಲಿ ಸಂಚರಿಸಿ ಸೇವೆಯ ಗುಣಮಟ್ಟವನ್ನು ಅಳೆಸಿ, ಫಲಿತಾಂಶಗಳನ್ನು ಪ್ರಕಟಿಸುತ್ತದೆ. ವಾಹನ ಹೋಗುವುದು ರಸ್ತೆಯಲ್ಲಿ. ಜನ ಫೋನು ಬಳಸುವುದು ಓಣಿಯಲ್ಲಿ, ಅಡುಗೆಮನೆಯಲ್ಲಿ, ಗೋದಾಮಿನಲ್ಲಿ. ಈ ವ್ಯತ್ಯಾಸವನ್ನು ಅಂಕಿ ಓದುವವರು ಮರೆಯಬಾರದು.

ಸರಾಸರಿಯ ಹಿಂದೆ ಅಡಗಿರುವವರು

ಗೋಪುರದಿಂದ ಒಂದೇ ದೂರದಲ್ಲಿರುವ ಹತ್ತು ಓಣಿಗಳಲ್ಲಿ ಅಳೆದರೆ ಹತ್ತು ಬೇರೆ ಉತ್ತರಗಳು ಬರುತ್ತವೆ. ಒಂದು ಓಣಿಗೆ ದೊಡ್ಡ ಕಟ್ಟಡದ ನೆರಳು ಬಿದ್ದಿರುತ್ತದೆ, ಇನ್ನೊಂದು ಗೋಪುರಕ್ಕೆ ನೇರವಾಗಿ ತೆರೆದಿರುತ್ತದೆ. ಡಿಬಿಯಲ್ಲಿ ಬರೆದಾಗ ಈ ಏರಿಳಿತ ನಿಮಗೆ ಪರಿಚಿತವಾದ ಗಂಟೆಯಾಕಾರದ ಪ್ರಸಾಮಾನ್ಯ ವಿತರಣೆಯನ್ನು ಅನುಸರಿಸುತ್ತದೆ. ನಗರಗಳಲ್ಲಿ ಇದರ ಮಾನಕ ವಿಚಲನೆ ಸಾಮಾನ್ಯವಾಗಿ 8 ಡಿಬಿ ಆಸುಪಾಸಿನಲ್ಲಿರುತ್ತದೆ.

ಸೂತ್ರ ಕೊಡುವುದು ಮಧ್ಯಾಂಕವನ್ನು. ಫೋನಿಗೆ ಕನಿಷ್ಠ ಬೇಕಾದಷ್ಟೇ ಶಕ್ತಿ ವೃತ್ತದ ಅಂಚಿನಲ್ಲಿ ಸಿಗುವಂತೆ ಗೋಪುರವನ್ನು ಯೋಜಿಸಿದರೆ, ಆ ಅಂಚಿನ ಅರ್ಧದಷ್ಟು ಜಾಗಗಳಲ್ಲಿ ಸಂಕೇತ ಸಾಲದು. ನಕ್ಷೆಯಲ್ಲಿ ಮಾತ್ರ ಇಡೀ ಊರಿಗೆ ಬಣ್ಣ ಬಳಿದಿರುತ್ತದೆ! ಅಂಚಿನಲ್ಲಿಯೂ 100ಕ್ಕೆ 90 ಜಾಗಗಳಿಗೆ ಸಂಕೇತ ತಲುಪಬೇಕಾದರೆ ಮಾನಕ ವಿಚಲನೆಯ 1.28 ಪಟ್ಟು, ಎಂದರೆ ಸುಮಾರು 10 ಡಿಬಿ, ಮೀಸಲಿಡಬೇಕು. 10 ಡಿಬಿ ಎಂದರೇನೆಂದು ಈಗಾಗಲೇ ನೋಡಿದ್ದೇವೆ: ತ್ರಿಜ್ಯ ಅರ್ಧ, ಗೋಪುರಗಳು ನಾಲ್ಕು ಪಟ್ಟು. ಮನೆಯೊಳಗೂ ಸಂಕೇತ ಬೇಕೆಂದರೆ ಗೋಡೆಯ ನಷ್ಟವನ್ನು ಬೇರೆಯಾಗಿ ಸೇರಿಸಬೇಕು.

ಗೋಪುರದ ಶಕ್ತಿಯನ್ನೇ ಹೆಚ್ಚಿಸಬಾರದೇ ಎಂದು ನೀವು ಕೇಳಬಹುದು. ಅದಕ್ಕೆ ಎರಡು ತೊಡಕುಗಳಿವೆ. ಮೊದಲನೆಯದಾಗಿ, 2012ರ ಸೆಪ್ಟೆಂಬರ್ 1ರಿಂದ ಭಾರತದಲ್ಲಿ ಗೋಪುರಗಳ ವಿಕಿರಣದ ಮಿತಿಯನ್ನು ಅಂತಾರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗಕ್ಕೆ ಇಳಿಸಲಾಗಿದೆ. ಎರಡನೆಯದಾಗಿ, ಸಂಭಾಷಣೆ ಎರಡು ಕಡೆಯದು. ಗೋಪುರ ಎಷ್ಟು ಕೂಗಿದರೂ, 4ಜಿ ಫೋನು ಸಾಮಾನ್ಯವಾಗಿ ವ್ಯಾಟ್‌ನ ಐದನೆಯ ಒಂದು ಭಾಗದಷ್ಟು ಶಕ್ತಿಯಲ್ಲಿ ಮಾತ್ರ ಉತ್ತರಿಸಬಲ್ಲದು. ಆ ಉತ್ತರ ಗೋಪುರಕ್ಕೆ ಕೇಳಿಸಬೇಕು. ಪಥನಷ್ಟ ಹೆಚ್ಚಿದ್ದಲ್ಲಿ ಫೋನು ತನ್ನ ಶಕ್ತಿಯನ್ನು ಗರಿಷ್ಠ ಮಟ್ಟಕ್ಕೆ ಏರಿಸಿಕೊಳ್ಳುತ್ತದೆ. ಸಂಕೇತ ದುರ್ಬಲವಾದ ಊರುಗಳಲ್ಲಿ ಬ್ಯಾಟರಿ ಬೇಗ ಖಾಲಿಯಾಗುವುದು ಇದರಿಂದ.

2022ರ ಅಕ್ಟೋಬರ್‌ನಲ್ಲಿ ದೇಶದಲ್ಲಿ ಆರಂಭವಾದ 5ಜಿ ಸೇವೆಗೆ ಬಳಸುವ 3500 ಮೆಗಾಹರ್ಟ್ಸ್ ಆಸುಪಾಸಿನ ತರಂಗಕ್ಕೆ, 900 ಮೆಗಾಹರ್ಟ್ಸ್‌ಗಿಂತ ಖಾಲಿ ಅವಕಾಶದಲ್ಲಿಯೇ ಸುಮಾರು 12 ಡಿಬಿ ಹೆಚ್ಚು ನಷ್ಟ. ಗೋಪುರದಲ್ಲಿ ಹಲವು ಚಿಕ್ಕ ಆಂಟೆನಗಳನ್ನು ಒಟ್ಟುಗೂಡಿಸಿ ಕಿರಣವನ್ನು ಕೇಂದ್ರೀಕರಿಸುವ ಮೂಲಕ ಇದರ ಒಂದು ಪಾಲನ್ನು ತುಂಬಿಕೊಳ್ಳುತ್ತಾರೆ. ದೂರದ ಹಳ್ಳಿಗಳಿಗೆ 700ರಿಂದ 900 ಮೆಗಾಹರ್ಟ್ಸ್ ತರಂಗಗಳೇ ಹೆಚ್ಚು ಅನುಕೂಲ.

ನೀವೇ ಅಳೆದು ನೋಡಿ

ಈ ಅಳತೆಗೆ ದುಬಾರಿ ಉಪಕರಣ ಬೇಕಿಲ್ಲ. ಬಹುತೇಕ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಸ್ಥಿತಿ ಎಂಬಲ್ಲಿ ಸಂಕೇತದ ಬಲ ಡಿಬಿಎಂನಲ್ಲಿ ಕಾಣುತ್ತದೆ. 4ಜಿಯಲ್ಲಿ −80 ಎಂದರೆ ಚೆನ್ನಾಗಿದೆ, −110 ಎಂದರೆ ದುರ್ಬಲ. ಅಲ್ಲಿ ತೋರಿಸುವುದು ಒಟ್ಟು ಶಕ್ತಿಯನ್ನಲ್ಲ, ಉಲ್ಲೇಖ ಸಂಕೇತದ ಶಕ್ತಿಯನ್ನು. ಆದ್ದರಿಂದ 4ಜಿಯ ಅಂಕಿಯನ್ನು 4ಜಿಯ ಅಂಕಿಯೊಂದಿಗೆ ಮಾತ್ರ ಹೋಲಿಸಿ.

1. ಸುತ್ತ ಬೇರೆ ಗೋಪುರಗಳಿಲ್ಲದ, ನಿಮಗೆ ಗೊತ್ತಿರುವ ಒಂದು ಗೋಪುರವನ್ನು ಆರಿಸಿಕೊಳ್ಳಿ. ಅಳತೆಯ ಉದ್ದಕ್ಕೂ ಫೋನು ಅದೇ ಕೋಶಕ್ಕೆ ಅಂಟಿಕೊಂಡಿರಬೇಕು. ಕೋಶದ ಸಂಖ್ಯೆ ತೋರಿಸುವ ಉಚಿತ ಆ್ಯಪ್‌ಗಳು ದೊರೆಯುತ್ತವೆ.

2. ಗೋಪುರದಿಂದ 100, 200, 400, 800 ಮೀಟರ್ ದೂರದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ.

3. ಪ್ರತಿ ಜಾಗದಲ್ಲಿ ಸುಮಾರು 13 ಮೀಟರ್ ಉದ್ದಕ್ಕೆ ನಿಧಾನವಾಗಿ ನಡೆಯುತ್ತ 40–50 ಬಾರಿ ಅಂಕಿ ಬರೆದುಕೊಳ್ಳಿ. ಇದು 900 ಮೆಗಾಹರ್ಟ್ಸ್‌ನ 40 ತರಂಗದೂರಗಳಿಗೆ ಸಮ. ಗೇಣುದೂರದ ಏರಿಳಿತ ಇದರಿಂದ ಅಳಿದು, ಆ ಜಾಗದ ನಿಜವಾದ ಮಟ್ಟ ಉಳಿಯುತ್ತದೆ.

4. ಅಂಕಿಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿ ಮಧ್ಯಾಂಕವನ್ನು ತೆಗೆಯಿರಿ. ಡಿಬಿಗಳ ಸರಾಸರಿಯೂ ವ್ಯಾಟ್‌ಗಳ ಸರಾಸರಿಯೂ ಒಂದೇ ಅಲ್ಲ. ಮಧ್ಯಾಂಕಕ್ಕೆ ಈ ತೊಡಕಿಲ್ಲ.

5. ದೂರದ ಲಾಗ್ ಅಡ್ಡಕ್ಕೆ, ಮಧ್ಯಾಂಕ ಉದ್ದಕ್ಕೆ ಇಟ್ಟು ನಕ್ಷೆ ಎಳೆಯಿರಿ. ಬಿಂದುಗಳ ನಡುವೆ ಹೊಂದುವ ಸರಳರೇಖೆಯನ್ನು ಎಳೆಯಿರಿ.

ಉದಾಹರಣೆಗೆ ನಾಲ್ಕು ಜಾಗಗಳಲ್ಲಿ −60, −70, −81, −91 ಬಂತು ಎಂದುಕೊಳ್ಳಿ. ಮೂರು ಇಮ್ಮಡಿಕೆಗೆ 31 ಡಿಬಿ ನಷ್ಟ, ಎಂದರೆ ಒಂದು ಇಮ್ಮಡಿಕೆಗೆ 10.3. ಇದನ್ನು 3ರಿಂದ ಭಾಗಿಸಿದರೆ 3.4. ಶಕ್ತಿ ದೂರದ 3.4ನೆಯ ಘಾತದಂತೆ ಕುಗ್ಗುತ್ತಿದೆ ಎಂದರ್ಥ. ಖಾಲಿ ಅವಕಾಶದಲ್ಲಿ ಈ ಘಾತ 2. ಫೋನು ಮಾಪನಾಂಕ ನಿರ್ಣಯವಾದ ಉಪಕರಣವಲ್ಲವಾದ್ದರಿಂದ ಅದು ತೋರಿಸುವ ಬೆಲೆ ಕೆಲವು ಡಿಬಿ ಆಚೀಚೆ ಇರಬಹುದು. ಆದರೆ ಒಂದೇ ಫೋನನ್ನು, ಒಂದೇ ಎತ್ತರದಲ್ಲಿ, ಒಂದೇ ರೀತಿ ಹಿಡಿದು ಅಳೆದರೆ ಎಲ್ಲ ಅಂಕಿಗಳಲ್ಲಿಯೂ ಅದೇ ದೋಷವಿರುತ್ತದೆ, ರೇಖೆಯ ಇಳಿಜಾರು ಕೆಡುವುದಿಲ್ಲ. ನಿಮ್ಮ ದೇಹವೂ ತರಂಗವನ್ನು ತಡೆಯುತ್ತದೆ ಎಂಬುದು ಗಮನದಲ್ಲಿರಲಿ.

ಸಂಕೇತ ದುರ್ಬಲವಾದ ಶಾಲೆಗಳಲ್ಲಿ ವೈ-ಫೈ ಪೆಟ್ಟಿಗೆಯಿಂದಲೂ ಪ್ರಯೋಗ ಮಾಡಬಹುದು. ಅದರ 2400 ಮೆಗಾಹರ್ಟ್ಸ್ ತರಂಗದ ತರಂಗದೂರ 12.5 ಸೆಂ.ಮೀ. ಪೆಟ್ಟಿಗೆಯನ್ನು ಒಂದು ಕೋಣೆಯಲ್ಲಿಟ್ಟು, ನಡುವೆ ಇಟ್ಟಿಗೆಯ ಗೋಡೆ, ಮರದ ಬಾಗಿಲು, ಕಬ್ಬಿಣದ ಕಪಾಟು ಇದ್ದಾಗ ಎಷ್ಟೆಷ್ಟು ಡಿಬಿ ಇಳಿಯುತ್ತದೆ ಎಂದು ಪಟ್ಟಿ ಮಾಡಿ. ಮಳೆಗಾಲದಲ್ಲಿ ಗೋಡೆ ತೊಯ್ದಾಗ ಮತ್ತೊಮ್ಮೆ ಅಳೆಯಿರಿ.

ರೇಖೆಗಿಂತ ಬಹಳ ಕೆಳಗೆ ಬಿದ್ದ ಬಿಂದುಗಳನ್ನು ತಪ್ಪೆಂದು ಅಳಿಸಬೇಡಿ. ಆ ಜಾಗಕ್ಕೆ ಮರಳಿ ಹೋಗಿ ನೋಡಿ. ಅಲ್ಲೊಂದು ಎತ್ತರದ ಕಟ್ಟಡವೋ, ತಗಡಿನ ಗೋಡೆಯೋ, ದಟ್ಟ ನೀಲಗಿರಿ ತೋಪೋ ಇರುತ್ತದೆ. ಆ ಬಿಂದುವಿನ ಹಿಂದೆ 108ಕ್ಕೆ ಕರೆ ಹೋಗದ ಒಂದು ಮನೆಯೂ ಇರಬಹುದು. ಇಂಥ ಬಿಂದುಗಳನ್ನು ನಕ್ಷೆಯ ಮೇಲೆ ಗುರುತಿಸಿ ಗ್ರಾಮ ಪಂಚಾಯಿತಿಗೋ ಪುರಸಭೆಗೋ ಕೊಟ್ಟರೆ, 'ನಮ್ಮಲ್ಲಿ ಸಿಗ್ನಲ್ ಇಲ್ಲ' ಎಂಬ ದೂರಿಗೆ ದೂರ, ಡಿಬಿ, ದಿನಾಂಕಗಳ ಬೆಂಬಲ ಸಿಕ್ಕಂತಾಗುತ್ತದೆ.